ಅರಸರ ಜರಿ ತಿಂದ ಮರುವಾಯಿ

ಅಳಿವೆಕೋಟೆಯ ಅರಸ ಚೆಲುವರಾಯನಿಗೆ ಒಂದು ಜಂಬ. ತಾನು ತೊಟ್ಟದ್ದನ್ನು ಬೇರೆ ಯಾರೂ ತೊಡಕೂಡದು. ಅದಕ್ಕೇ ಪ್ರತಿ ಯುಗಾದಿಗೆ ಹಳೆಯ ರುಮಾಲು, ಶಾಲುಗಳನ್ನೆಲ್ಲ ಅರಮನೆಯ ಉಪ್ಪರಿಗೆಯಿಂದ ಕೈಯಾರೆ ಹೊಳೆಗೆ ಎಸೆಯುತ್ತಿದ್ದ. ಶಂಖ ಊದುತ್ತಿದ್ದರು, ಜನ ಕೈಮುಗಿಯುತ್ತಿದ್ದರು. ಇನ್ನೇನು ಮಾಡಿಯಾರು?

ಒಂದು ಮಧ್ಯಾಹ್ನ ನೆಂಟರ ಜೊತೆ ಊಟ. ಹೊಳೆಯ ಚಿಪ್ಪುಜೀವಿ ಮರುವಾಯಿಯ ಸುಕ್ಕ, ಅಂದರೆ ಒಣ ಪಲ್ಯ. ಅರಸ ಚಿಪ್ಪು ಬಿಡಿಸಿ ಮಾಂಸ ಬಾಯಿಗಿಟ್ಟ. ಹಲ್ಲಿಗೆ ಏನೋ ಸಿಕ್ಕಿತು. ಎಳೆದರೆ ಬೆರಳುದ್ದದ ಜರಿ ಎಳೆ. ನೆಂಟರು ನೋಡಿಯೇ ಬಿಟ್ಟರು.

ಮರುವಾಯಿ ಮಾರಿದ ಸೀತುವನ್ನು ಸಭೆಗೆ ಎಳೆತಂದರು.

"ಉಣ್ಣುವುದರಲ್ಲಿ ಕಸ ಹಾಕುತ್ತೀಯಾ?" ಅರಸ ಗದರಿದ. " ಇನ್ನು ಈ ಪೇಟೆಯಲ್ಲಿ ನಿನ್ನ ಬುಟ್ಟಿ ಇಳಿಯಕೂಡದು."

"ನಾನೆಂತ ಹಾಕುದು ಒಡೆಯರೆ? ಹೊಳೆ ಕೆಸರಿಂದ ಹೆಕ್ಕುದು, ತಂದು ಮಾರುದು. ಬುಟ್ಟಿ ಬಿಟ್ರೆ ನಂಗೆ ಬೇರೆ ಗತಿ ಇಲ್ಲ."

ಆಸ್ಥಾನದ ವಿನೋದಗಾರ ಕುಪ್ಪಣ್ಣ ಆ ಎಳೆಯನ್ನು ಬೆಳಕಿಗೆ ಹಿಡಿದ. "ಪ್ರಭು, ಇದನ್ನು ಇಲ್ಲಿಗೇ ಬಿಡಬಾರದು. ಗಿಳಿಹಸಿರು ರೇಷ್ಮೆಗೆ ಸುತ್ತಿದ ಚಿನ್ನದ ಜರಿ. ಇದನ್ನು ತೊಡುವವರು ನೀವೊಬ್ಬರೇ. ಅಂದರೆ ಅರಮನೆಯ ಮಾಲು ಹೊರಗೆ ಹೋಗಿದೆ."

ಸೀತು ಅವನನ್ನು ನುಂಗುವ ಹಾಗೆ ನೋಡಿದಳು.

ಅರಸ ಕೆಂಡವಾದ. "ಯಾರು ಸಾಗಿಸಿದರೋ ಅವರು ಹೊಳೆಗಿಳಿಯಲಿ. ಕೊನೆಯ ಎಳೆ ಸಿಗುವ ತನಕ ಕೆಸರು ಸೋಸಲಿ. ಯಾರೇ ಆಗಲಿ."

"ಯಾರೇ ಆಗಲಿ?" ಕುಪ್ಪಣ್ಣ ಕೇಳಿದ.

"ನನ್ನ ಮಾತು ಎರಡಾಗುವುದಿಲ್ಲ."

"ಹಾಗಾದರೆ ಯುಗಾದಿಯ ದಿನ ಉಪ್ಪರಿಗೆಯಲ್ಲಿ ಯಾರಿದ್ದರು ಅಂತ ಕೇಳೋಣ. ಮರುವಾಯಿ ಕೂತಲ್ಲೇ ಕೂರುವ ಜೀವ. ಅರಮನೆಗೆ ನುಗ್ಗಿ ಜರಿ ಕದಿಯಲಾರದು."

ಸಭೆಯವರೆಲ್ಲ ನೆಲ ನೋಡತೊಡಗಿದರು. ಶಂಖ ಊದುವವನಂತೂ ಕಂಬದ ಹಿಂದೆ ಸರಿದ.

ಅರಸನ ಮುಖ ಪೆಚ್ಚಾಯಿತು. ಆದರೂ ಸೋಲೊಪ್ಪಲು ಮನಸ್ಸಿಲ್ಲ. "ಎಸೆದದ್ದು ನಾನೇ, ಸರಿ. ಇನ್ನೊಬ್ಬರು ತೊಡದಿರಲಿ ಅಂತ ಎಸೆದದ್ದು. ಅದನ್ನು ಮುಟ್ಟಲು ಈ ಮರುವಾಯಿಗೆ ಎಷ್ಟು ಸೊಕ್ಕು?"

"ಪಾಪ, ಅದು ನಿಮ್ಮ ಅಪ್ಪಣೆ ಮೀರಿಲ್ಲ ಪ್ರಭು. ತಾನು ತೊಡಲಿಲ್ಲ. ಹೊಟ್ಟೆಯಲ್ಲಿ ಜೋಪಾನವಾಗಿಟ್ಟುಕೊಂಡು, ನಿಮ್ಮ ಬಟ್ಟೆಯನ್ನು ನಿಮ್ಮ ಬಾಯಿಗೇ ತಲುಪಿಸಿದೆ."

ಅರಸ ನಗು ತಡೆಯಲಾರದೆ ಹೋದ. ಮಾತಿಗೆ ತಪ್ಪದೆ, ಮರುದಿನ ಹೊಳೆಯ ನೀರು ಇಳಿದ ಹೊತ್ತಿಗೆ ಕಚ್ಚೆ ಕಟ್ಟಿ ಕೆಸರಿಗಿಳಿದ. ಎಲ್ಲಿ ಕೈ ಹಾಕಬೇಕೆಂದು ಸೀತು ದಡದಲ್ಲಿ ನಿಂತು ಹೇಳಿಕೊಟ್ಟಳು.

ಮುಂದಿನ ಯುಗಾದಿಗೆ ಶಂಖ ಊದಲಿಲ್ಲ. ಅರಸನ ಹಳೆಯ ರುಮಾಲು ಸೀತುವಿನ ಪಾಲಾಯಿತು. ಅವಳು ಅದನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಅದರ ಮೇಲೆ ಬುಟ್ಟಿ ಹೊತ್ತು, ಅರಮನೆಯ ಮುಂದೆಯೇ "ಮರುವಾಯಿ ಬೇಕಾ ಮರುವಾಯಿ" ಎಂದು ಕೂಗಿಕೊಂಡು ಹೋದಳು.