ಮಧ್ಯಾಹ್ನ ಏಳುವ ಕೈ

ಕಲಬುರಗಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಆ ಬೇಸಿಗೆಯಿಡೀ ಎಲ್ಲರೂ ನಂಬಿದ್ದು ಇಷ್ಟು: ರೋಬೋಟಿನ ಒಳಗೆ ಚನ್ನವೀರ ಇದ್ದಾನೆ.

ಚನ್ನವೀರ ಆ ರೋಬೋಟನ್ನು ಸ್ಪರ್ಧೆಗೆಂದು ಕಟ್ಟಿದ ಹುಡುಗ. ನೆಲದಲ್ಲಿರುವ ಡಬ್ಬಿಗಳನ್ನು ಹಿಡಿದು ಎತ್ತರದ ಕಂಬದ ಮೇಲಿಡುವುದು ಸ್ಪರ್ಧೆಯ ಕೆಲಸ. ಬೇರೆ ಕಾಲೇಜಿನವರು ಇದಕ್ಕೆ ದೊಡ್ಡ ಮೋಟರು ಹಾಕುತ್ತಿದ್ದರು. ಇವನದು ಉದ್ದ ಕೈ, ಸಣ್ಣ ಮೋಟರು. ಕೈಯ ಬುಡದಲ್ಲಿ ಏನನ್ನೋ ಜೋಡಿಸಿ ಮೇಲೆ ತಗಡಿನ ಮುಚ್ಚಳ ಬಡಿದಿದ್ದ. ಬೆರಳಲ್ಲಿ ತಳ್ಳಿದರೂ ಆ ಕೈ ಮೇಲೇಳುತ್ತಿತ್ತು. ಒಳಗೇನಿದೆ ಎಂದು ಕೇಳಿದರೆ ಗೆದ್ದ ಮೇಲೆ ಹೇಳುತ್ತೇನೆ ಎನ್ನುತ್ತಿದ್ದ. ಅಷ್ಟರಲ್ಲಿ ರಿಂಗ್ ರೋಡಿನಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ.

ತಂಡದವರು ರೋಬೋಟಿನ ಬ್ಯಾಟರಿ ತೆಗೆದರು, ಮೋಟರಿನ ಚೈನು ಕಳಚಿದರು, ಎದುರಿನ ಗೋಡೆಗೆ ಅವನ ಫೋಟೋ ಹಾಕಿ ವರ್ಕ್‌ಶಾಪಿಗೆ ಬೀಗ ಜಡಿದರು. ದುಃಖದ ದಿನಗಳು ಕಳೆದು ಬಾಗಿಲು ತೆಗೆದಾಗ ನಡು ಮಧ್ಯಾಹ್ನ. ತಗಡಿನ ಚಾವಣಿಯ ಕೆಳಗೆ ರೋಬೋಟಿನ ಕೈ ಮೇಲೆದ್ದು ನಿಂತಿತ್ತು. ಬೆರಳುಗಳು ಬಿಚ್ಚಿಕೊಂಡು ಫೋಟೋದ ಕಡೆ ಚಾಚಿದ್ದವು. ಅವರು ನೋಡುತ್ತಿದ್ದಂತೆಯೇ, ಹೊತ್ತು ಇಳಿದಾಗ ಕೈ ಸದ್ದಿಲ್ಲದೆ ಕೆಳಗಿಳಿಯಿತು. ಮರುದಿನ ಮಧ್ಯಾಹ್ನ ಮತ್ತೆ ಎದ್ದಿತು.

ಫೋಟೋ ಅಲ್ಲಿದ್ದದ್ದು ಅಲ್ಲೊಂದು ಮೊಳೆ ಇದ್ದುದರಿಂದ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಸುದ್ದಿ ಚನ್ನವೀರನ ತಾಯಿ ಈರಮ್ಮನಿಗೆ ಮುಟ್ಟಿತು. ಆಕೆ ದಿನಾ ಮಧ್ಯಾಹ್ನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದು ರೋಬೋಟಿನ ಮುಂದೆ ಕೂರತೊಡಗಿದಳು. ಕೈ ಎದ್ದಾಗ ಬಂದೆಯಾ ಎನ್ನುವಳು, ಇಳಿದಾಗ ಹೋಗಿ ಬಾ ಎನ್ನುವಳು. ಮಗ ಸತ್ತ ಮೇಲೆ ಅನ್ನ ಬಿಟ್ಟಿದ್ದವಳು ಈಗ ಅಲ್ಲೇ ಕೂತು ಎರಡು ತುತ್ತು ಉಣ್ಣುತ್ತಿದ್ದಳು.

ಒಂದು ದಿನ ಮೋಡ ಮುಚ್ಚಿ ಮಳೆ ಬಿತ್ತು. ಕೈ ಏಳಲಿಲ್ಲ. ಅಂದು ಯಾರೋ ಚಪ್ಪಲಿ ಹಾಕಿಕೊಂಡು ಒಳಗೆ ಬಂದಿದ್ದರೆಂದು ಪತ್ತೆಯಾಯಿತು. ಅಂದಿನಿಂದ ಎಲ್ಲರೂ ಚಪ್ಪಲಿ ಹೊರಗೆ ಬಿಡಬೇಕಾಯಿತು. ಥರ್ಮೋಡೈನಮಿಕ್ಸ್ ಪಾಠ ಮಾಡುವ ವಿಭಾಗದ ಮುಖ್ಯಸ್ಥರೂ ಶೂ ಬಿಚ್ಚಿ, ಸಾಕ್ಸಿನಲ್ಲಿ ಬಂದು ಕೈಮುಗಿದು ಹೋದರು.

ಸ್ಪರ್ಧೆ ಹತ್ತಿರವಾಯಿತು. ಚೈನು ಹಾಕಿ ಅಭ್ಯಾಸ ಶುರುಮಾಡಿದರು. ಮಧ್ಯಾಹ್ನ ಕೈ ಸಲೀಸಾಗಿ ಡಬ್ಬಿ ಎತ್ತುತ್ತಿತ್ತು. ಬೆಳಿಗ್ಗೆ ಮೋಟರು ಮುಲುಗುತ್ತಿತ್ತು. ಹಾಸ್ಟೆಲಿನಲ್ಲೂ ಚನ್ನವೀರ ಯಾವತ್ತು ಬೆಳಿಗ್ಗೆ ಎದ್ದಿದ್ದ ಎಂದು ತಂಡದ ನಾಯಕ ಸಿದ್ಲಿಂಗ ನಕ್ಕು, ಅಭ್ಯಾಸವನ್ನು ಮಧ್ಯಾಹ್ನಕ್ಕೇ ಇಟ್ಟ.

ರೋಬೋಟಿನ ಚಕ್ರಗಳ ಕೆಲಸ ಮಾಡಿದ್ದ ಮಹಾನಂದಾ ಮಾತ್ರ ನಗಲಿಲ್ಲ. ಸ್ಪರ್ಧೆಗೆ ಮುಂಚೆ ಆ ಮುಚ್ಚಳ ತೆಗೆದು ಒಮ್ಮೆ ನೋಡೋಣ ಎಂದು ಸ್ಪ್ಯಾನರ್ ಹಿಡಿದು ಬಂದಳು. ಸಿದ್ಲಿಂಗ ಅಡ್ಡ ನಿಂತ.

"ಅವ್ವ ಇಲ್ಲೇ ಕುಂತಾಳ. ಆಕಿ ಮುಂದ ಮಗನ ಹೊಟ್ಟಿ ಬಿಚ್ತೀಯೇನು?"

ಮಹಾನಂದಾ ಈರಮ್ಮನನ್ನು ನೋಡಿದಳು. ಈರಮ್ಮ ಏಳುತ್ತಿದ್ದ ಕೈಯನ್ನೇ ನೋಡುತ್ತಿದ್ದಳು. ಸ್ಪ್ಯಾನರ್ ವಾಪಸು ಹೋಯಿತು.

ಸ್ಪರ್ಧೆ ನಡೆದದ್ದು ದೂರದ ನಗರದ ಏರ್‌ಕಂಡೀಷನ್ ಸಭಾಂಗಣದಲ್ಲಿ. ಈರಮ್ಮನೂ ತಂಡದ ಜೊತೆ ಹೋಗಿದ್ದಳು. ಚಳಿಗೆ ಸೆರಗು ಹೊದ್ದು ಮುಂದಿನ ಸಾಲಿನಲ್ಲಿ ಕೂತಳು. ಗಂಟೆ ಬಾರಿಸಿದರು. ರೋಬೋಟು ಡಬ್ಬಿ ಹಿಡಿಯಿತು. ಕೈ ಸ್ವಲ್ಪ ಎದ್ದು ನಡುಗಿ ನಿಂತಿತು. ಮೋಟರು ಮುಲುಗಿ ಸುಮ್ಮನಾಯಿತು. ನಿಯಂತ್ರಕ ಹಿಡಿದಿದ್ದ ಸಿದ್ಲಿಂಗ ಮೆಲ್ಲಗೆ ಚನ್ನವೀರನ ಹೆಸರು ಕರೆಯತೊಡಗಿದ. ಕೈ ನಿಧಾನವಾಗಿ, ಎದ್ದದ್ದಕ್ಕಿಂತ ನಿಧಾನವಾಗಿ, ನೆಲಕ್ಕೆ ಮಲಗಿತು.

ಸೋತದ್ದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಸೋಲುವವರು ಬಹಳ ಮಂದಿ. ಆದರೆ ಈರಮ್ಮ ಸಭಾಂಗಣದ ಹೊರಗಿನ ತಣ್ಣನೆಯ ಕಾರಿಡಾರಿನಲ್ಲಿ ಗೋಡೆಗೊರಗಿ ಕೂತವಳು ಹೋಳಿಗೆ ಡಬ್ಬಿ ಮುಟ್ಟಲಿಲ್ಲ, ನೀರೂ ಕುಡಿಯಲಿಲ್ಲ.

"ನನ್ನ ಮ್ಯಾಲ ಸಿಟ್ಟಾಗ್ಯಾನ," ಎಂದಳು. "ನಾ ಏನ್ ತಪ್ಪು ಮಾಡಿದೆ, ಹೇಳ್ರಿ."

ಸಿದ್ಲಿಂಗ ಯಾರಾದರೂ ಚಪ್ಪಲಿ ಹಾಕಿದ್ದರೇನೋ ಎಂದು ಸುತ್ತ ನೋಡುತ್ತಿದ್ದ. ಎಲ್ಲರೂ ಹಾಕಿದ್ದರು.

ಈ ಸಲ ಮಹಾನಂದಾ ಕೇಳಲಿಲ್ಲ. ರೋಬೋಟನ್ನು ಈರಮ್ಮನ ಮುಂದೆಯೇ ಎಳೆದುಕೊಂಡು ಬಂದು ಮುಚ್ಚಳ ಬಿಚ್ಚಿದಳು. ಒಳಗಿದ್ದದ್ದು ಗುಜರಿಯಿಂದ ತಂದ ಎರಡು ಗ್ಯಾಸ್ ರಾಡುಗಳು, ಕಾರಿನ ಡಿಕ್ಕಿಯ ಬಾಗಿಲನ್ನು ಎತ್ತಿಹಿಡಿಯುವಂಥವು. ಅವುಗಳನ್ನು ಕೈಗೆ ಕೂಡಿಸಿದ ಪಟ್ಟಿಯಲ್ಲಿ ಒತ್ತೊತ್ತಾಗಿ ಎರಡು ತೂತು. ಒಂದರ ಸುತ್ತ ಕೆಂಪು ಬಣ್ಣ ಬಳಿದಿತ್ತು, ಕೈಯ ಕೀಲಿನಿಂದ ತುಸು ದೂರ, ರಾಡಿಗೆ ಹೆಚ್ಚು ಬಲ ಸಿಗುವಲ್ಲಿದ್ದ ಇನ್ನೊಂದರ ಸುತ್ತ ನೀಲಿ. ಬೋಲ್ಟು ಕೆಂಪಿನಲ್ಲಿತ್ತು.

ಈರಮ್ಮ ಬಗ್ಗಿ ನೋಡಿದಳು. "ಇದರಾಗ ಅವ ಎಲ್ಲಿ ಅದಾನ?"

ಮಹಾನಂದಾ ಬೋಲ್ಟು ತೆಗೆದು ನೀಲಿ ತೂತಿಗೆ ಹಾಕಿದಳು. ಚೈನು ಕಳಚಿದಳು. ಈರಮ್ಮನ ಬೆರಳು ಹಿಡಿದು ರೋಬೋಟಿನ ಕೈಯ ಕೆಳಗಿಟ್ಟಳು.

"ಎತ್ರಿ ಅವ್ವ. ಕೆಂಪು ನಮ್ಮ ಬಿಸಿಲಿಗೆ, ನೀಲಿ ಚಳಿ ಊರಿಗೆ ಅಂತ ಅವ ಮೊದಲೇ ಕೊರೆದಿಟ್ಟಿದ್ದ. ನಾವು ನೋಡ್ಲಿಲ್ಲ."

ಒಂದೇ ಬೆರಳಿಗೆ ಕೈ ಎದ್ದು ನಿಂತಿತು. ಈರಮ್ಮ ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ನೀರು ಕೇಳಿದಳು.

ನೀತಿ: ಸತ್ತವನು ಮಾಡಿಟ್ಟದ್ದನ್ನು ಬಿಚ್ಚಿ ನೋಡುವುದೇ ಅವನಿಗೆ ತೋರುವ ಮರ್ಯಾದೆ. ನೋಡದೆ ಕೈಮುಗಿದರೆ ಅವನ ಜಾಣತನವೂ ಅವನ ಜೊತೆಗೇ ಸಾಯುತ್ತದೆ, ತಪ್ಪು ಅವನ ತಾಯಿಯ ತಲೆಗೆ ಬರುತ್ತದೆ. ಉಳಿದದ್ದು ಪಿಯುಸಿ ಪುಸ್ತಕದಲ್ಲೇ ಇದೆ: ಮುಚ್ಚಿದ ಕೊಳವೆಯ ಗ್ಯಾಸು ಬಿಸಿಯಾದಾಗ ಹೆಚ್ಚು ಒತ್ತುತ್ತದೆ, ತಣ್ಣಗಾದಾಗ ಕಡಿಮೆ.