ಚಾಚಿದ ಕಾಲು

ಮಲಪ್ರಭೆಯ ದಂಡೆಯ ಮೇಲೆ ಒಂದು ಚಿಕ್ಕ ಕ್ರೈಸ್ತ ಆಶ್ರಮವಿತ್ತು. ಬೇರೆಲ್ಲೂ ಜಾಗ ಸಿಗದ ಏಳೆಂಟು ಮುದುಕರನ್ನು ಕರುಣಪ್ಪ ಅಯ್ಯನವರು ಅಲ್ಲಿ ಇಟ್ಟುಕೊಂಡಿದ್ದರು.

ಅವರ ಬಳಿಗೆ ನತಾನಯೇಲ ಎಂಬ ಶಿಷ್ಯ ಬಂದ. ನಾಲ್ಕು ವರ್ಷ ದೇವಶಾಸ್ತ್ರ ಓದಿದ್ದವನು.

“ಅಯ್ಯನವರೇ, ದೇವರ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ಆದರೆ ಆತನ ಗುರುತು ನನಗಿಲ್ಲ,” ಎಂದ.

ಅಯ್ಯನವರು ಮೂಲೆಯಲ್ಲಿದ್ದ ಹಿತ್ತಾಳೆ ಬೋಗುಣಿ ತಂದು ಅವನ ಕೈಗಿಟ್ಟರು.

“ದಿನಾ ಬೆಳಿಗ್ಗೆ ಭರಮಪ್ಪನ ಕಾಲು ತೊಳೆ.”

“ಆಮೇಲೆ?”

“ಒರೆಸು.”

ಆ ಮುದುಕರಲ್ಲೊಬ್ಬನಾದ ಭರಮಪ್ಪನಿಗೆ ಕುಷ್ಠ ವಾಸಿಯಾಗಿ ಇಪ್ಪತ್ತು ವರ್ಷ ಕಳೆದಿತ್ತು. ಆದರೆ ಬಲಗೈಯಲ್ಲಿ ಬೆರಳು ಉಳಿದಿರಲಿಲ್ಲ. ಪಾದಗಳಲ್ಲಿ ಮುಳ್ಳು ಮುರಿದರೂ ಗೊತ್ತಾಗುತ್ತಿರಲಿಲ್ಲ. ಎಡಗಾಲಿನ ಹುಣ್ಣು ಮಾಯುತ್ತಲೇ ಇರಲಿಲ್ಲ.

ನತಾನಯೇಲ ಒಂದು ದಿನವೂ ತಪ್ಪಿಸಲಿಲ್ಲ. ಎಂಟು ತಿಂಗಳಲ್ಲಿ ಹುಣ್ಣು ಒಣಗಿತು.

“ತಮ್ಮಾ, ಕುಂದ್ರು. ಮಜ್ಜಿಗಿ ಕುಡಿದು ಹೋಗು,” ಎನ್ನುತ್ತಿದ್ದ ಭರಮಪ್ಪ.

“ಬೇಡ ಅಜ್ಜ. ನಾನು ಸೇವೆಗೆ ಬಂದವನು,” ಎನ್ನುತ್ತಿದ್ದ ನತಾನಯೇಲ. ಹಾಗೆನ್ನುವಾಗ ಅವನಿಗೆ ಒಳಗೊಳಗೇ ಹಿತವಾಗುತ್ತಿತ್ತು.

ಒಂದು ದಿನ ಬದನೆ ಪಾತಿ ಅಗೆಯುವಾಗ ಗುದ್ದಲಿ ಜಾರಿ ಅವನ ಪಾದದ ಮೇಲೆ ಬಿತ್ತು. ರಕ್ತ ಸುರಿಯಿತು.

ಸುದ್ದಿ ಕೇಳಿ ಭರಮಪ್ಪ ಬಂದ. ಬಿಸಿನೀರಿನ ಬೋಗುಣಿಯನ್ನು ಎರಡು ಮುಂಗೈಗಳ ನಡುವೆ ಅವುಚಿಕೊಂಡು, ದಾರಿಯುದ್ದ ತುಳುಕಿಸುತ್ತಾ ಬಂದ. ನೆಲಕ್ಕೆ ಕೂತ.

“ಕಾಲು ಚಾಚು.”

ನತಾನಯೇಲ ಕಾಲನ್ನು ಹಿಂದಕ್ಕೆಳೆದುಕೊಂಡ.

“ನೀವು ಬೇಡ ಅಜ್ಜ. ಬೇರೆ ಯಾರಾದರೂ ತೊಳೀತಾರೆ.”

ಭರಮಪ್ಪ ಅವನ ಮುಖ ನೋಡಿದ. ಬೋಗುಣಿಯನ್ನು ಅಲ್ಲೇ ಬಿಟ್ಟು ಎದ್ದು ಹೋದ.

ಅಂದು ಅವನು ಊಟಕ್ಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ಬಟ್ಟೆಯ ಗಂಟು ಕಟ್ಟಿಕೊಂಡು ಹೊಳೆಯ ಕಡೆ ಹೊರಟ.

ನತಾನಯೇಲ ಕುಂಟುತ್ತಾ ಅಯ್ಯನವರ ಬಳಿ ಬಂದ. ಅವರು ಸೊಪ್ಪು ಸೋಸುತ್ತಿದ್ದರು.

“ಅಜ್ಜ ದೋಣಿ ಹತ್ತೋಕೆ ಹೋದರು! ಆಚೆ ದಡದಲ್ಲಿ ಅವರಿಗೆ ಯಾರೂ ಇಲ್ಲ. ನಾನೇನು ತಪ್ಪು ಮಾಡಿದೆ? ವಯಸ್ಸಾದವರಿಗೆ ಯಾಕೆ ತೊಂದರೆ ಅಂತ ಬೇಡ ಅಂದೆ.”

“ಎಂಟು ತಿಂಗಳು ಅವನು ದಿನಾ ಏನು ಮಾಡಿದ?”

“ಅವರೇನು ಮಾಡಿದರು? ಕಾಲು ಚಾಚಿ ಕೂತಿದ್ದರು.”

“ಅದು ಸುಲಭವೇ?”

ನತಾನಯೇಲ ತನ್ನ ಗಾಯದ ಕಾಲನ್ನು ನೋಡಿಕೊಂಡ.

“ಪ್ರಭುವೇ ಕಾಲು ತೊಳೆಯಲು ಬಂದಾಗ ಶಿಷ್ಯ ಪೇತ್ರನೂ ಮೊದಲು ಒಲ್ಲೆ ಅಂದಿದ್ದ,” ಎಂದರು ಅಯ್ಯನವರು. “ಹೋಗು. ಭರಮಪ್ಪನ ಮುಂದೆ ಕಾಲು ಚಾಚು.”

“ಅಯ್ಯನವರೇ, ಕ್ಷಮೆ ಕೇಳುತ್ತೇನೆ. ಬೇಕಾದರೆ ಅವರ ಕಾಲಿಗೆ ಬೀಳುತ್ತೇನೆ. ಇದೊಂದು ಮಾತ್ರ...”

“ಅದೆಲ್ಲ ನಿನಗೆ ಬರುತ್ತದೆ. ಬಾರದ್ದನ್ನು ಮಾಡು.”

ಭರಮಪ್ಪ ದಡದ ಕಲ್ಲಿನ ಮೇಲೆ ಕೂತಿದ್ದ. ದೋಣಿ ಇನ್ನೂ ನಡುಹೊಳೆಯಲ್ಲಿತ್ತು. ನತಾನಯೇಲ ಅವನ ಎದುರು ಕೂತು ಗಾಯದ ಬಟ್ಟೆ ಬಿಚ್ಚಿದ. ಕಾಲು ಚಾಚಿದ.

“ಅಜ್ಜ, ಇದನ್ನು ತೊಳೆಯಬೇಕು. ತೊಳೀತೀರಾ?”

ಭರಮಪ್ಪ ನೀರನ್ನೇ ನೋಡುತ್ತಿದ್ದ.

“ನಿನ್ನಿ ನನ್ನ ಕೈ ನೋಡಿ ಹೇಸಿಕೊಂಡಿ. ಖರೇ ಹೇಳು.”

ಸುಳ್ಳೊಂದು ನಾಲಗೆಯ ತುದಿಗೆ ಬಂದಿತ್ತು. ನತಾನಯೇಲ ಅದನ್ನು ನುಂಗಿದ.

“ಹೌದು ಅಜ್ಜ. ನಿಮ್ಮನ್ನು ನಾನು ಮುಟ್ಟುವಾಗ ತಡೆದುಕೊಳ್ಳುತ್ತಿದ್ದೆ. ನೀವೇ ನನ್ನನ್ನು ಮುಟ್ಟಲು ಬಂದಾಗ ಆಗಲಿಲ್ಲ.”

ದೋಣಿ ದಡ ಮುಟ್ಟಿತು. ಅಂಬಿಗ ಕೂಗಿ ಕರೆದ. ಭರಮಪ್ಪ ಏಳಲಿಲ್ಲ.

“ಇಷ್ಟ ದಿನದಾಗ ಇವತ್ತ ನೀ ನನ್ನ ಕೂಡ ಮಾತಾಡಿದಿ,” ಎಂದ.

ಅವನು ಬೆರಳಿಲ್ಲದ ಕೈಯನ್ನು ನತಾನಯೇಲನ ಹಿಮ್ಮಡಿಯ ಕೆಳಗೆ ಆನಿಸಿದ. ಇನ್ನೊಂದು ಕೈಯಿಂದ ಹೊಳೆಯ ನೀರು ಮೊಗೆಮೊಗೆದು ಹಾಕಿದ. ಗಾಯಕ್ಕಂಟಿದ್ದ ಒಣಗಿದ ರಕ್ತ ನಿಧಾನವಾಗಿ ಬಿಟ್ಟಿತು.

“ನೋವಾತೇನು?”

“ಇಲ್ಲ ಅಜ್ಜ.”

“ಮತ್ಯಾಕ ಅಳ್ತಿ?”

ನತಾನಯೇಲ ಕಣ್ಣೊರೆಸಿಕೊಂಡ. ದೋಣಿ ಭರಮಪ್ಪನನ್ನು ಬಿಟ್ಟೇ ತಿರುಗಿ ಹೋಯಿತು.

ಕುಂಟುವ ಶಿಷ್ಯ ಮುದುಕನ ಹೆಗಲ ಮೇಲೆ ಭಾರ ಹಾಕಿಕೊಂಡು ಆಶ್ರಮಕ್ಕೆ ಬಂದ. ಅಯ್ಯನವರು ಬಾಗಿಲಲ್ಲಿ ನಿಂತಿದ್ದರು. ಭರಮಪ್ಪ ಗಂಟು ಇಡಲು ಒಳಗೆ ಹೋದ.

“ಅಯ್ಯನವರೇ,” ಎಂದ ನತಾನಯೇಲ, “ಹೊಳೆಯ ಹತ್ತಿರ ನಮ್ಮಿಬ್ಬರ ಜೊತೆ ದೇವರೂ ಇದ್ದ ಅನಿಸಿತು. ಅದು ನಿಜವೇ?”

“ಅಂಬಲಿ ಆರುತ್ತಿದೆ,” ಎಂದರು ಅಯ್ಯನವರು. “ಅವನಿಗೆ ನೀನು ಬಡಿಸು. ನಿನಗೆ ಅವನು ಬಡಿಸಲಿ.”