ನೇರಳಕೇರಿಯ ಹಿಡಿಗಡಿಗೆ

"ಕೇಳಿರಪ್ಪೋ ಕೇಳಿ! ಅರಸರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಕೋಟೆಬಾಗಿಲಲ್ಲಿ ತೂಗುತ್ತದೆ!"

ಕೆಂಪುಗಿರಿಯ ಅರಸ ಹೀಗೆ ಡಂಗುರ ಸಾರಿಸಿದಾಗ ಅವನ ರಾಣಿ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಸಾಯುವಾಗ ಅವಳು, "ನಿಮ್ಮ ಕಣಜದಲ್ಲಿ ಎಲ್ಲ ಇದೆ. ನನ್ನ ತವರಿನ ಹಿಡಿಗಡಿಗೆಯಲ್ಲಿರುವ ಒಂದು ಮಾತ್ರ ಇಲ್ಲ" ಎಂದಿದ್ದಳು. ಏನದೆಂದು ಕೇಳುವಷ್ಟರಲ್ಲಿ ಉಸಿರು ನಿಂತಿತ್ತು. ಅರಸ ಆ ಗಡಿಗೆಯನ್ನೇ ತರಿಸಿ ಕವುಚಿ ನೋಡಿದ. ರಾಗಿ, ಜೋಳ, ಒಂದಿಷ್ಟು ಹುರುಳಿ. ಬೇರೇನೂ ಇರಲಿಲ್ಲ.

ರಾಣಿಯ ತವರು ಹೊಳೆಯಾಚೆಯ ನೇರಳಕೇರಿ. ಅಲ್ಲಿ ಸಂತೆ ದಿನದ ಸಂಜೆ ಬಾಯಿಗೆ ಬಟ್ಟೆ ಮುಚ್ಚಿದ ಗಡಿಗೆಯೊಂದು ಮನೆಮನೆ ತಿರುಗುತ್ತದೆ, ಅದೇ ಹಿಡಿಗಡಿಗೆ. ಮನೆಗೊಬ್ಬರು ಮುಷ್ಟಿ ಬಿಗಿದು ಬಟ್ಟೆಯಡಿ ಕೈ ಹಾಕುತ್ತಾರೆ. ಸುಗ್ಗಿ ಮುಗಿದ ಮೇಲೆ ಕೈ ಹಾಕಿದವರೆಲ್ಲ ಕೂತು, ಕೂಡಿದ ಕಾಳು ಯಾವ ಕೆಲಸಕ್ಕೆ ಎಂದು ಗೊತ್ತುಮಾಡುತ್ತಾರೆ. ಈ ಸಲ ದೋಣಿಗೆಂದು ಆಗಿತ್ತು. ಸೂಲಗಿತ್ತಿ ಇರುವುದು ಕೋಟೆಯ ದಡದಲ್ಲಿ. ಹೊಳೆ ತುಂಬಿದರೆ ಬಸುರಿಯರ ಪಾಡು ದೇವರಿಗೇ ಪ್ರೀತಿ. ಅಂಥದ್ದರಲ್ಲಿ ಅರಸನ ಆಳುಗಳು ಗಡಿಗೆಯನ್ನೇ ಎತ್ತಿಕೊಂಡು ಹೋದರು.

ಬುಟ್ಟಿ ಹೆಣೆಯುವ ದುರುಗನ ಅಕ್ಕ ಮಾಳಿ ಆಗ ತುಂಬು ಬಸುರಿ. ದೋಣಿ ಬೇಡಲೆಂದು ತಮ್ಮ ಒಗಟು ಬಿಡಿಸಲು ಹೊರಟಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಹೋಗ್ಬ್ಯಾಡೋ ತಮ್ಮಾ. ದೋಣಿ ಇಲ್ದೇ ಹೆತ್ತೋರು ಎಷ್ಟು ಜನ ಇಲ್ಲ?"

"ಸತ್ತೋರೂ ಅವ್ರೆ ಅಕ್ಕಾ" ಎಂದು ದುರುಗ ಹೊಳೆಗಿಳಿದು ಈಜಿದ.

ಆಸ್ಥಾನದಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು.

"ಹಾಕಿದವನೇ ಮತ್ತೆ ನೋಡಿದರೂ ತನ್ನದು ಯಾವುದೆಂದು ಹೇಳಲಾರ. ಆದರೂ ಅದು ಕಳೆದಿಲ್ಲ. ಏನದು?" ಎಂದ ಅರಸ.

"ಕಳ್ಳನ ಚೀಲ ಸೇರಿದ ಹೊನ್ನು!" ಎಂದ ಶೆಟ್ಟರ ಮಗ. ಪಾಪ, ಅವನ ಚಿಂತೆ ಅವನಿಗೆ. ಆಳುಗಳು ಅವನನ್ನು ಎಳೆದೊಯ್ದರು. ಕೂಗು ಕೇಳಿತು, ಆಮೇಲೆ ಕೇಳಲಿಲ್ಲ.

ಮುಂದಿನವನು ಪಂಡಿತ. ಅರಸ ಎರಡನೆಯದು ಕೇಳಿದ: "ಅರಸನಾದರೂ ಅದನ್ನೇರಲು ನಾಲ್ವರ ಹೆಗಲು ಬೇಕು. ಏರಿದವನು ಹೊತ್ತವರಿಗೆ ಒಂದು ಒಳ್ಳೆಯ ಮಾತೂ ಆಡುವುದಿಲ್ಲ. ಏನದು?"

"ಪಲ್ಲಕ್ಕಿ!" ಎಂದ ಪಂಡಿತ. ಅರಸರ ಸ್ವಭಾವ ಬಲ್ಲವನು ಹೇಳಬಹುದಾದ ಮಾತೇ. ಆದರೂ ಅವನ ತಲೆ ಉಳಿಯಲಿಲ್ಲ.

ದುರುಗ ಮುಂದೆ ಬಂದ. "ಮೊದಲನೇದು ರಾಶಿಗೆ ಬಿದ್ದ ಕಾಳು, ಬುದ್ಧೀ. ಎರಡನೇದು... ಚಟ್ಟ."

ಅರಸನ ಮುಖ ಕಪ್ಪಿಟ್ಟಿತು. ರಾಣಿಯ ಚಟ್ಟಕ್ಕೆ ಅವನು ಕೂಲಿ ಕೊಟ್ಟು ಹೆಗಲು ತರಿಸಿದ್ದ. "ಎರಡೂ ಸರಿ. ಮೂರನೆಯದು ಅವಳದೇ. ಈ ಗಡಿಗೆಯಲ್ಲಿದ್ದು ನನ್ನ ಕಣಜದಲ್ಲಿಲ್ಲದ್ದು ಏನು?"

ದುರುಗ ಕವುಚಿ ಬಿದ್ದ ಗಡಿಗೆಯನ್ನು ನೋಡುತ್ತ ನಿಂತ. ಕೈ ತಾನಾಗಿ ಮುಷ್ಟಿ ಕಟ್ಟಿತು. ಆಗ ಗೊತ್ತಾಯಿತು, ನಾಚಿಕೆಯೂ ಆಯಿತು. ಕೇರಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತು ಅದು.

"ಖಾಲಿ ಮುಷ್ಟಿ, ಬುದ್ಧೀ. ಮನೇಲಿ ಕಾಳಿಲ್ದೋರೂ ಮುಷ್ಟಿ ಬಿಗಿದು ಕೈ ಹಾಕ್ತಾರೆ. ಬುಟ್ಟಿ ಮಾರಾಟ ಆಗ್ದೇ ಇದ್ದಾಗ ನಾನೂ ಹಂಗೇ ಹಾಕಿದ್ದೆ. ದೋಣಿ ಆಗ್ಲಿ ಅಂತ ಮೊದ್ಲು ಅಂದೋನೂ ನಾನೇ. ಎಲ್ರೂ ನನ್ ಮಾತು ಕೇಳಿದ್ರು. ನಿಮ್ಮ ಕಣಜದ ಬಾಗ್ಲಲ್ಲಿ ಕಾವಲಿನೋರು ಕೈ ಬಿಚ್ಚಿಸಿ ನೋಡ್ತಾರೆ."

ಅರಸ ಗಡಿಗೆಯತ್ತ ಬಾಗಿದ. "ಅವಳೂ ಹಾಗೇ ಹಾಕುತ್ತಿದ್ದಳೇ?"

"ನಂಗೊತ್ತಿಲ್ಲ ಬುದ್ಧೀ. ಗೊತ್ತಾಗ್ಬಾರ್ದು ಅಂತ್ಲೇ ಬಟ್ಟೆ ಮುಚ್ಚೋದು."

ಅರಸ ಸಿಂಹಾಸನದಲ್ಲೇ ಕೂತು ಮಗುವಿನಂತೆ ಅತ್ತ. ಗಡಿಗೆ ತುಂಬಿಸಿ ಕೊಟ್ಟ. ಅರಮನೆಯ ಬಡಗಿಗಳನ್ನೂ ಮರವನ್ನೂ ಅಂದೇ ಕಳಿಸಿದ.

ದುರುಗ ಹೊಳೆ ದಾಟಿ ಬಂದಾಗ ದಡದಲ್ಲಿ ಜನ ನೆರೆದಿದ್ದರು. ಅವನನ್ನು ಕಂಡು ದಾರಿ ಬಿಟ್ಟರು. ಮಾಳಿಗೆ ಬೆಳಗ್ಗೆಯೇ ನೋವು ಬಂದಿತ್ತಂತೆ. ಎದುರು ದಡವನ್ನೇ ನೋಡುತ್ತ, ಮಗುವಿನೊಂದಿಗೆ ಹೋಗಿಬಿಟ್ಟಿದ್ದಳು. ಅವಳ ಚಟ್ಟಕ್ಕೆ ಕೂಲಿಯ ಹೆಗಲು ಬೇಕಾಗಲಿಲ್ಲ. ಕೇರಿಗೆ ಕೇರಿಯೇ ಹೆಗಲು ಕೊಟ್ಟಿತು.

ದೋಣಿ ನೀರಿಗಿಳಿದ ದಿನ ಮೊದಲು ಕೂತವಳು ಹೆರಿಗೆ ನೋವಿನಲ್ಲಿದ್ದ ಕುಂಬಾರರ ಸೊಸೆ. ಹುಟ್ಟು ಹಿಡಿದವನು ದುರುಗ. ಆಚೆ ದಡದಲ್ಲಿ ಕೂಸು ಅಳುವುದು ಕೇಳಿದಾಗ ಅವನೂ ಹುಟ್ಟಿನ ಮೇಲೆ ತಲೆಯಿಟ್ಟು ಅತ್ತ.

ಆ ಸಂಜೆ ಗಡಿಗೆ ಬಂತು. ದುರುಗ ಮುಷ್ಟಿ ಬಿಗಿದು ಬಟ್ಟೆಯಡಿ ಕೈ ಹಾಕಿದ. ಒಳಗೇನಿತ್ತೆಂದು ಕೇರಿ ಕೇಳಲಿಲ್ಲ. ನೀವೂ ಕೇಳಬೇಡಿ.